ಎರಡನೆಯ ಪದ ಬಾರದ್ದರಿಂದ ತಪ್ಪಿಹೋದ ಒಂಬತ್ತನೆಯ ಗುಡ್ಡೆ

ಕಾಯರಗುಡ್ಡೆ
ಫೆಬ್ರವರಿ ೩೦, ೨೨೮೮, ಎರಡನೆಯ ಉಬ್ಬರದ ಹೊತ್ತು

ಮುತ್ತಜ್ಜಿಯ ಮುತ್ತಜ್ಜಿಗೂ ಮುತ್ತಜ್ಜಿಯಾದ ವಾರಿಜಾಕ್ಷಿಯವರಿಗೆ, ದೇಜಪ್ಪನ ನಮಸ್ಕಾರಗಳು.

ತಾರೀಕು ನೋಡಿ ಕನ್ನಡಕ ಒರೆಸಿಕೊಳ್ಳುವುದು ಬೇಡ. ನಿಮ್ಮ ಕಾಲದಲ್ಲಿ ಫೆಬ್ರವರಿಗೆ ಇಪ್ಪತ್ತೆಂಟೇ ದಿನವಿದ್ದು, ಅದು ಉಳಿದ ತಿಂಗಳುಗಳ ಮುಂದೆ ತಲೆ ತಗ್ಗಿಸಿ ನಿಲ್ಲುತ್ತಿತ್ತಂತೆ. ನಮ್ಮ ಹಿರಿಯರು ಕನಿಕರಪಟ್ಟು ಜುಲೈ, ಆಗಸ್ಟುಗಳಿಂದ ಒಂದೊಂದು ದಿನ ಕಿತ್ತು ಅದಕ್ಕೆ ಕೊಟ್ಟರು. ಮಳೆಗಾಲದಲ್ಲಿ ಎರಡು ದಿನ ಕಡಿಮೆಯಾದರೆ ಯಾರೂ ಕೇಳಲಿಕ್ಕಿಲ್ಲ ಎಂದು ಅವರ ಅಂದಾಜು. ಮಳೆ ಮಾತ್ರ ಮೊದಲಿನಷ್ಟೇ ಸುರಿಯುತ್ತದೆ, ಉಳಿದ ದಿನಗಳಲ್ಲೇ ಹೊಂದಿಸಿಕೊಂಡು.

ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರವಾಗಿ ಕಾಣಬಹುದು, ಕ್ಷಮಿಸಬೇಕು. ನಿಮ್ಮ ಮಾತುಗಳಲ್ಲಿ ಒಂದು ನಮಗೆ ಇನ್ನೂರ ಅರವತ್ತೆರಡು ವರ್ಷ ವಿಚಿತ್ರವಾಗಿಯೇ ಕಂಡಿತು, ಒಂದು ಮನೆಯವರು ಅದನ್ನು ಕ್ಷಮಿಸಲೂ ಇಲ್ಲ. ಆ ಮಾತಿನ ಬಗ್ಗೆಯೇ ಈ ಪತ್ರ. ಇದು ಹಿಂದಂಚೆಯಲ್ಲಿ ಬರುತ್ತದೆ, ಅಂದರೆ ಕಳೆದ ಕಾಲಕ್ಕೆ ಹೋಗುವ ಅಂಚೆಯಲ್ಲಿ. ಎಲ್ಲ ಸರಿಯಾದರೆ ಶನಿವಾರ ಸಂಜೆ ನಿಮ್ಮ ಕೈ ಸೇರಬೇಕು. ಮರುದಿನ, ಭಾನುವಾರ ಬೆಳಿಗ್ಗೆ ಹನ್ನೊಂದು ಹತ್ತಕ್ಕೆ, ನೀವು ಒಂದು ಕೆಲಸ ಮಾಡಲಿಕ್ಕಿದ್ದೀರಿ. ಅದಕ್ಕೆ ಮೊದಲು ದಯವಿಟ್ಟು ಇದನ್ನು ಓದಿ ಮುಗಿಸಿ.

ಮೊದಲು ನಮ್ಮ ಊರಿನ ವಿಷಯ. ಕಡಲು ಏರಿತು, ನಿಮ್ಮ ಗುಡ್ಡಗಳ ತಲೆಗಳು ಮಾತ್ರ ಉಳಿದವು, ನಾವು ಆ ತಲೆಗಳ ಮೇಲೆ ಮನೆ ಕಟ್ಟಿಕೊಂಡೆವು. ಅತ್ತು ಮುಗಿದು ಬಹಳ ಕಾಲವಾಗಿದೆ, ಈಗ ಅದು ನಮಗೆ ಬರೀ ವಿಳಾಸ. ದ್ವೀಪಕ್ಕೆ ನಾವು ಗುಡ್ಡೆ ಎನ್ನುತ್ತೇವೆ, ಸ್ವಲ್ಪ ಚಪ್ಪಟೆಯಾಗಿದ್ದರೆ ಪದವು. ನೀವು ಒಂದು ಕಡೆ "ನಡೆದುಕೊಂಡೇ ಗುಡ್ಡೆಗೆ ಹೋಗಿ ಬಂದೆ, ಕಾಲು ನೋವು" ಎಂದು ಬರೆದದ್ದನ್ನು ಓದಿ ನಮ್ಮ ವಿದ್ವಾಂಸರು ಬೆರಗಾಗಿದ್ದಾರೆ. ನೀರಿನ ಮೇಲೆ ನಡೆಯುವ ವಿದ್ಯೆ ನಿಮಗಿತ್ತು, ಆದರೆ ಅದರಿಂದ ಮಂಡಿಗೆ ತೊಂದರೆಯಾಗುತ್ತಿತ್ತು ಎಂಬುದು ಅವರ ತೀರ್ಮಾನ.

ಇಲ್ಲಿ ಎಲ್ಲರಿಗೂ ವರ್ಷಕ್ಕೆ ಹದಿನೆಂಟು ಉಬ್ಬರಗಳ ರಜೆ ಸಿಗುತ್ತದೆ, ನಿಮ್ಮ ಲೆಕ್ಕದಲ್ಲಿ ಒಂಬತ್ತು ದಿನ. ಈ ಸಲ ನಾನು ಒಂಬತ್ತು ಗುಡ್ಡೆಗಳ ಪ್ರವಾಸ ಹಾಕಿದೆ. ಹಾಕುವುದು ಸುಲಭದ ಮಾತಲ್ಲ. ನಮ್ಮಲ್ಲಿ ಲಾಡ್ಜುಗಳಿಲ್ಲ, ನೆಂಟರಿದ್ದಾರೆ. ಬೊಳ್ಳಪದವಿನ ನೆಂಟರು ಊಟಕ್ಕೆ ಕೂರಿಸಿದರೆ ಮೂರು ಉಬ್ಬರ ಏಳಲು ಬಿಡುವುದಿಲ್ಲ. ಕಲ್ಲಗುಡ್ಡೆಯವರು ಒಂದು ಲೋಟ ಗಂಜಿ ಕೊಟ್ಟು ಆಕಾಶ ನೋಡುತ್ತ "ಗಾಳಿ ಈಗ ಒಳ್ಳೆದುಂಟು" ಎನ್ನುತ್ತಾರೆ, ಅಂದರೆ ಹೊರಡಿ ಎಂದರ್ಥ. ಆದ್ದರಿಂದ ಬೊಳ್ಳಪದವಿನಲ್ಲಿ ಕಳೆದುಕೊಂಡ ಹೊತ್ತನ್ನು ಕಲ್ಲಗುಡ್ಡೆಯಲ್ಲಿ ಹಿಂದೆ ಪಡೆಯುವ ಹಾಗೆ ದಾರಿ ಹಾಕಬೇಕು. ಐದನೆಯ ನಿಲುಗಡೆ ಕುಳಿಗುಡ್ಡೆ. ನಮ್ಮ ಅತ್ಯಂತ ಪ್ರಸಿದ್ಧ ಪ್ರೇಕ್ಷಣೀಯ ಸ್ಥಳ ಇರುವುದು ಅಲ್ಲೇ: ಗುಡ್ಡೆಯ ನಡುವೆ ಒಂದು ತಗ್ಗು, ಅದರೊಳಗೆ ನಿಂತರೆ ಯಾವ ದಿಕ್ಕಿನಲ್ಲೂ ಕಡಲು ಕಾಣುವುದಿಲ್ಲ. ಜನ ಸಾಲಿನಲ್ಲಿ ಕಾದು ಇಳಿಯುತ್ತಾರೆ. ನೀವು ಕಡಲು ಕಾಣುವ ಕೋಣೆಗಾಗಿ ತಂಗಿಯ ಜೊತೆ ನಾಲ್ಕು ದಿನ ವಾದ ಮಾಡಿದ್ದೀರಿ ಎಂದು ಓದಿ ನನ್ನ ಹೆಂಡತಿ ಗುಲಾಬಿ, "ಪಾಪ, ಅವರ ಮನೇಲಿ ಕಿಟಕಿ ಇರ್ಲಿಲ್ವಾ?" ಎಂದು ಕೇಳಿದಳು.

ಗುಡ್ಡೆಗೆ ಇಳಿಯುವುದಕ್ಕೂ ಒಂದು ಕ್ರಮವಿದೆ. ಸುತ್ತಲೂ ನೀರಿದ್ದರೂ ಕುಡಿಯುವ ನೀರು ನಮ್ಮಲ್ಲಿ ಕಡಿಮೆ. ದೋಣಿ ಹತ್ತಿರ ಬಂದಾಗ ಮನೆಯವರು ದಡದ ಕಂಬಕ್ಕೆ ಒಂದು ತಾಮ್ರದ ಚೊಂಬನ್ನು ಏರಿಸಬೇಕು. ನಿಮಗೆ ಕೊಡಲು ನಮ್ಮಲ್ಲಿ ನೀರಿದೆ, ಬನ್ನಿ ಎಂದು ಅದರ ಅರ್ಥ. ಇಳಿದ ಕೂಡಲೇ ಓಲೆಬೆಲ್ಲದ ಒಂದು ತುಂಡು, ಒಂದು ಲೋಟ ನೀರು. ಚೊಂಬು ಏರದಿದ್ದರೆ ದೋಣಿ ಕೂಗಳತೆಯಲ್ಲೇ ನಿಲ್ಲಬೇಕು, ಕೂಗಿದರೆ ಕೇಳಿಸುವಷ್ಟು ದೂರದಲ್ಲಿ, ಅದಕ್ಕಿಂತ ಒಂದು ಮೊಳವೂ ಮುಂದಿಲ್ಲ. ಹೊರಡುವಾಗ "ಹೋಗಿ ಬರ್ತೇನೆ" ಎನ್ನಬೇಕು. ನಿಮ್ಮಲ್ಲಿ ಅದು ಬರೀ ಮರ್ಯಾದೆಯ ಮಾತಾಗಿತ್ತಂತೆ. ನಮ್ಮಲ್ಲಿ ಹಾಗಲ್ಲ. "ಬರ್ತೇನೆ" ಎಂದವರಿಗೆ ಆ ಮನೆಯಲ್ಲಿ ಮುಂದಿನ ಸಲದ ಒಂದು ಲೋಟ ನೀರು ಖಾತ್ರಿಯಾಯಿತು. ಹಾಗೆನ್ನದೆ ಹೋದವರ ಕುಟುಂಬಕ್ಕೆ ಮುಂದೆ ಚೊಂಬು ಏರುವುದಿಲ್ಲ.

ಒಂಬತ್ತನೆಯ ಗುಡ್ಡೆಯಲ್ಲಿ ನಮಗಾದದ್ದು ಅದೇ. ಅದರ ಹೆಸರು ಕುಸುಮಪದವು. ನಿಮ್ಮ ತಂಗಿ ಕುಸುಮಾವತಿಯವರ ಸಂತತಿ ಅಲ್ಲಿದೆ. ನಮ್ಮ ಮನೆಯ ದೋಣಿಗೆ ಅಲ್ಲಿ ಎಂದೂ ಚೊಂಬು ಏರಿದ್ದಿಲ್ಲ.

ಕಾರಣ ನಮ್ಮ ಗುಂಪುಗ್ರಂಥದಲ್ಲಿದೆ. ನೀವು ಅಕ್ಕತಂಗಿಯರು ಅಂಡಮಾನಿನ ಐದು ದ್ವೀಪಗಳ ಪ್ರವಾಸಕ್ಕೆಂದು ಮನೆಯವರನ್ನೆಲ್ಲ ಸೇರಿಸಿ ಫೋನಿನಲ್ಲಿ ಮಾಡಿದ ವಾಟ್ಸಾಪ್ ಗುಂಪು, ಅದರ ನಾನೂರ ಹನ್ನೆರಡು ಸಂದೇಶಗಳನ್ನೂ ನಾವು ಒಂದಕ್ಷರ ಬಿಡದೆ ಉಳಿಸಿಕೊಂಡಿದ್ದೇವೆ. ವರ್ಷಕ್ಕೊಮ್ಮೆ ಎಲ್ಲರೂ ಕುಳಿತು ಪಾರಾಯಣ ಮಾಡುತ್ತೇವೆ. ನೂರ ತೊಂಬತ್ತು ಗುಡ್ ಮಾರ್ನಿಂಗ್‌ಗಳು ಬಂದಾಗ ಎದ್ದು ನಿಲ್ಲುವುದು ಪದ್ಧತಿ, ಹಾಗಾಗಿ ಮುದುಕರು ಮೊದಲಿನಿಂದಲೇ ನಿಂತುಕೊಂಡಿರುತ್ತಾರೆ. ಗ್ರಂಥದ ಕೊನೆ ಹೀಗಿದೆ.

ಕುಸುಮಾವತಿ: "ಅಕ್ಕ, ಐದು ದ್ವೀಪ ಆಗುದಿಲ್ಲ, ಮೂರು ಸಾಕು. ಟಿಕೆಟ್ ಇವತ್ತೇ ಮಾಡ್ಬೇಕು. ಬರ್ತಿಯಾ ಇಲ್ವಾ, ಒಂದು ಹೇಳು."

ನೀವು: "ಚಾರ್ಜು 1%. ಮೀನು ತರ್ಲಿಕ್ಕುಂಟು."

ಮತ್ತೆ ನೀವು, ಹನ್ನೊಂದು ಹತ್ತಕ್ಕೆ: "ಹೋಗಿ"

ಕುಸುಮಾವತಿ: "ಆಯ್ತು. ನಾವೇ ಹೋಗ್ತೇವೆ."

ಅದರ ಕೆಳಗೆ, ಪಾರಾಯಣದಲ್ಲಿ ಓದುವವರು ಸ್ವರ ತಗ್ಗಿಸುವ ಸಾಲು: ಕುಸುಮಾವತಿ ಗುಂಪನ್ನು ತೊರೆದಿದ್ದಾರೆ.

ಅವರೂ ಹೋಗಲಿಲ್ಲ, ನೀವೂ ಹೋಗಲಿಲ್ಲ. ನೀವು ಕೇಳಲಿಲ್ಲ, ಅವರು ಹೇಳಲಿಲ್ಲ. "ಅವಳೇ ಬಿಟ್ಟದ್ದು, ನಾನು ಎಂತಕ್ಕೆ ಕೇಳ್ಬೇಕು" ಎಂದು ನೀವು ಮನೆಯಲ್ಲಿ ಹೇಳಿದ್ದು ಬಾಯಿಂದ ಬಾಯಿಗೆ ನನ್ನವರೆಗೂ ಬಂದಿದೆ. ಕುಸುಮಪದವಿನವರು ಹೇಳುವುದು ಬೇರೆ: ಬಾ ಎಂದು ಕರೆದ ತಂಗಿಗೆ ಅಕ್ಕ "ನೀವೇ ಹೋಗಿ, ನನಗೆ ಮೀನು ದೊಡ್ಡದು" ಎಂದಳು. ಇನ್ನು ಆ "ಚಾರ್ಜು 1%" ಎಂಬುದಕ್ಕೆ ನಮ್ಮ ವಿದ್ವಾಂಸರ ವ್ಯಾಖ್ಯಾನ ನೂರು ಪುಟವಿದೆ. ಚಾರ್ಜು ಎಂದರೆ ಆರೋಪ. ಪಕ್ಕದ ಗುರುತಿನಲ್ಲಿ ಎರಡು ಸೊನ್ನೆ, ನಡುವೆ ಒಂದು ಕೋಲು: ಎರಡು ಮುಖಗಳು, ನಡುವೆ ಗೋಡೆ. ಇದಕ್ಕಿಂತ ಸ್ಪಷ್ಟವಾಗಿ ಮನಸ್ತಾಪವನ್ನು ಚಿತ್ರಿಸಿದವರು ಇನ್ನೊಬ್ಬರಿಲ್ಲ ಎಂದು ಅವರು ನಿಮ್ಮನ್ನು ಹೊಗಳಿದ್ದಾರೆ.

ಹೀಗಿರುವಾಗ ಒಂಬತ್ತನೆಯ ಗುಡ್ಡೆಯನ್ನು ಪಟ್ಟಿಗೆ ಸೇರಿಸಿದವರು ನನ್ನ ಸೋದರತ್ತೆ ಸುಗುಣ. ಎಪ್ಪತ್ತೊಂಬತ್ತು ವಯಸ್ಸು. ನಲವತ್ತು ವರ್ಷ ಸಂತೆಯ ದೋಣಿ ಓಡಿಸಿದವರು. ವಾರಕ್ಕೊಮ್ಮೆ ಕುಸುಮಪದವಿನ ಎದುರಿಗೆ ಹಾದುಹೋಗುವಾಗ ಕೂಗಳತೆಯಲ್ಲಿ ದೋಣಿ ನಿಲ್ಲಿಸುತ್ತಿದ್ದರು. ದಡದಲ್ಲಿ ಆ ಮನೆಯ ಯಮುನಕ್ಕ ನಿಂತಿರುತ್ತಿದ್ದರು. ನಲವತ್ತು ವರ್ಷ ಇಬ್ಬರೂ ಬೊಬ್ಬೆ ಹೊಡೆದೇ ಮಾತಾಡಿದರು. ಸಾರಿಗೆ ಹುಳಿ ಎಷ್ಟು, ಸೊಸೆಗೆ ಸಿಟ್ಟು ಎಷ್ಟು, ಮಂಡಿನೋವಿಗೆ ಎಂತ ಹಚ್ಚುವುದು, ಯಾವ ಗುಟ್ಟನ್ನೂ ಅವರು ಮೆಲ್ಲಗೆ ಹೇಳಿಕೊಂಡವರಲ್ಲ. ಆಚೀಚೆಯ ಮೂರು ಗುಡ್ಡೆಗಳಿಗೆ ಎರಡೂ ಮನೆಗಳ ಸಂಗತಿ ಬಾಯಿಪಾಠ. ಆದರೆ ಕಳೆದ ಮಳೆಗಾಲದಿಂದ ಯಮುನಕ್ಕ ದಡಕ್ಕೆ ಬಂದಿಲ್ಲ. ಕಾಲು ಹಿಡಿದುಕೊಂಡಿದೆ, ಇಳಿಯಲಾಗುವುದಿಲ್ಲ ಎಂದು ಯಾರೋ ಹೇಳಿದರು. ಮನೆಯಿರುವುದು ಪದವಿನ ಮೇಲೆ, ಅಲ್ಲಿಗೆ ಎಂಥ ಬೊಬ್ಬೆಯೂ ಮುಟ್ಟುವುದಿಲ್ಲ.

"ಅತ್ತೆ, ಅಲ್ಲಿ ಚೊಂಬು ಏರುದಿಲ್ಲ, ಗೊತ್ತುಂಟಲ್ಲ?" ಎಂದೆ.

"ನಿನ್ನ ಪಟ್ಟಿಯಲ್ಲಿ ಬರಿ ನೀನು. ಏರುದು ಬಿಡುದು ಅವರ ಕೆಲಸ."

"ಬರೆದು ಎಂತ ಮಾಡುದು? ಎದುರು ನಿಂತು ವಾಪಸು ಬರುದಾ?"

"ಅವರಿಗೆ ಎಂಬತ್ಮೂರು, ದೇಜಪ್ಪ. ನಾನು ಅವರ ಮುಖ ಸರಿಯಾಗಿ ನೋಡ್ಲೇ ಇಲ್ಲ."

ನಾನು ಬರೆದೆ.

ಹೊರಡುವ ಮುಂಚೆ ಸಾಮಾನುಗಳ ಪಟ್ಟಿಗಾಗಿ ಗುಂಪುಗ್ರಂಥ ತೆಗೆದೆವು. ಪ್ರವಾಸಕ್ಕೆ ಏನೇನು ಕಟ್ಟಿಕೊಳ್ಳಬೇಕು ಎಂಬ ನಿಮ್ಮ ಪಟ್ಟಿಯನ್ನು ಮೀರಿಸಿದ್ದು ಇಲ್ಲ (ಉಪ್ಪಿನಕಾಯಿ ಎರಡು ಸಲ ಬಂದಿದೆ, ನಾವು ಎರಡು ಭರಣಿ ಒಯ್ಯುತ್ತೇವೆ). ಅತ್ತೆ ಕನ್ನಡಕ ಏರಿಸಿ ಓದುತ್ತ ಓದುತ್ತ ಕೊನೆಯ ಪುಟಕ್ಕೆ ಬಂದವರು ಅಲ್ಲೇ ನಿಂತುಬಿಟ್ಟರು. ಪಾರಾಯಣದಲ್ಲಿ ಅವರು ಇದನ್ನು ಕಿವಿಯಿಂದ ಕೇಳಿದ್ದರೇ ಹೊರತು ಕಣ್ಣಿಂದ ನೋಡಿದ್ದು ಅದೇ ಮೊದಲು.

"ಈ ಎರಡು ಸೊನ್ನೆ, ನಡುವೆ ಕೋಲು. ಇದು ನನ್ನ ದೋಣಿಯಲ್ಲಿ ಉಂಟು!"

ನಮ್ಮ ದೋಣಿಗಳು ಬಿಸಿಲಿನಿಂದ ಓಡುತ್ತವೆ. ಹಗಲಿಡೀ ಬಿಸಿಲು ಕುಡಿಸಿ ತುಂಬಿಸಿಟ್ಟುಕೊಳ್ಳುತ್ತೇವೆ. ಈಗಿನ ದೋಣಿಗಳು ಎಷ್ಟು ಉಳಿದಿದೆಯೆಂದು ಬಾಯಿಬಿಟ್ಟು ಹೇಳುತ್ತವೆ, ಅತ್ತೆಯ ಅಜ್ಜನ ಕಾಲದ ದೋಣಿಯಲ್ಲಿ ಮಾತ್ರ ಒಂದು ಹಳೆಯ ಮುಳ್ಳು ಮತ್ತು ಅದರ ಪಕ್ಕ ಇದೇ ಗುರುತು.

"ನೂರು ಅಂದ್ರೆ ತುಂಬಿದೆ. ಒಂದು ಅಂದ್ರೆ ಮುಗೀತು. ಇದು ಜಗಳ ಅಲ್ಲ ಮಾರಾಯ, ಇವರ ಫೋನಿನಲ್ಲಿ ಬಿಸಿಲು ಮುಗಿದದ್ದು!" ಅತ್ತೆ ಪುಟಕ್ಕೆ ಬೆರಳು ಕುಟ್ಟಿದರು. "ಮೀನು ತರ್ಲಿಕ್ಕೆ ಹೊರಟಿದ್ದಾರೆ. ಹೊರಡುವವರು ಎಂತ ಹೇಳ್ತಾರೆ?"

"ಹೋಗಿ ಬರ್ತೇನೆ," ಎಂದೆ. ಹೇಳಿದ ಮೇಲೆ ನನಗೇ ಕೇಳಿಸಿತು.

"ಹಾಂ. ಹೋಗಿ ಅಂತ ಹೋಯ್ತು. ಬರ್ತೇನೆ ಅಂತ ಹಾಕುವಾಗ ಫೋನು ಸತ್ತಿತು. ಒಂದಕ್ಕೆ ಬಂದ ದೋಣಿ ದಡ ಮುಟ್ಟುದುಂಟಾ? ಅರ್ಧದಲ್ಲೇ ನಿಲ್ಲುದು."

ಇನ್ನೂರ ಅರವತ್ತೆರಡು ವರ್ಷ, ನೂರು ಪುಟ ವ್ಯಾಖ್ಯಾನ! ವಿದ್ವಾಂಸರಿಗೆ ತಿಳಿಸಿದ್ದೇನೆ. ಅವರು ನೂರ ಒಂದನೆಯ ಪುಟ ಬರೆಯುತ್ತಿದ್ದಾರೆ.

ಎಂಟು ಗುಡ್ಡೆಗಳ ವರ್ಣನೆ ಬೇಡ. ಬೊಳ್ಳಪದವಿನಲ್ಲಿ ತಿಂದೆವು, ಕಲ್ಲಗುಡ್ಡೆಯಲ್ಲಿ ಗಾಳಿ ಒಳ್ಳೆದಿತ್ತು. ಒಂಬತ್ತನೆಯದರ ಎದುರು ಕೂಗಳತೆಯಲ್ಲಿ ದೋಣಿ ನಿಂತಾಗ ಮಧ್ಯಾಹ್ನ. ದಡದಲ್ಲಿ ಬಲೆ ಒಣಗಿಸುತ್ತಿದ್ದ ಯಮುನಕ್ಕನ ಮಗ ಸಂಕಪ್ಪ ನಮ್ಮನ್ನು ನೋಡಿ ಬೆನ್ನು ತಿರುಗಿಸಲೋ ಬೇಡವೋ ಎಂದು ಅರ್ಧ ತಿರುಗಿ ನಿಂತರು. ಅತ್ತೆ ಎದ್ದು ನಿಂತು, ನಲವತ್ತು ವರ್ಷ ಪಳಗಿದ ಗಂಟಲಿನಿಂದ, ಚಾರ್ಜು, ಮೀನು, ಫೋನು ಎಲ್ಲ ವಿವರಿಸಿದರು. ಕೊನೆಗೆ ಎರಡು ಕೈಗಳನ್ನೂ ಬಾಯಿಗೆ ಹಿಡಿದು, "ಬಾಕಿ ಇದ್ದ ಶಬ್ದ ತಂದಿದ್ದೇನೆ ಅಂತ ಅಮ್ಮನಿಗೆ ಹೇಳು! ಬರ್ತೇನೆ! ಬರ್ತೇನೆ ಅಂತ!" ಎಂದು ಕೂಗಿದರು. ಸಂಕಪ್ಪ ಬಲೆಯನ್ನು ಅಲ್ಲೇ ಬಿಟ್ಟು ಪದವು ಹತ್ತಿ ಹೋದರು.

ನಾವು ಕಾದೆವು. ನೀರು ಇಳಿಯತೊಡಗಿತು. ಇನ್ನು ಸ್ವಲ್ಪ ಇಳಿದರೆ ಬಂಡೆಗಳ ನಡುವೆ ಸಿಕ್ಕಿಕೊಳ್ಳುತ್ತಿದ್ದೆವು. "ಅತ್ತೆ, ತಿರುಗಿಸುವನಾ?" ಎಂದು ಕೇಳಿದೆ. ಅವರು ಸೆರಗಿನಿಂದ ಒರೆಸಿದ ಮುಖವನ್ನೇ ಮತ್ತೆ ಒರೆಸಿಕೊಂಡರು. ಆಗ ಕಂಬದ ಹಗ್ಗ ಅಲ್ಲಾಡಿತು. ಕಿಲುಬು ಹಿಡಿದಿದ್ದ ಒಂದು ಚೊಂಬು, ಅರ್ಧದಲ್ಲಿ ಒಮ್ಮೆ ಸಿಕ್ಕಿಕೊಂಡು, ಆಮೇಲೆ ಮೇಲೇರಿತು. ಅದರ ಹಿಂದೆಯೇ ಕುರ್ಚಿ ಸಮೇತ ಯಮುನಕ್ಕನನ್ನು ನಾಲ್ವರು ಹೊತ್ತುಕೊಂಡು ಇಳಿದರು. ಅವರ ಕೂಗು ಅವರಿಗಿಂತ ಮೊದಲೇ ದೋಣಿ ಮುಟ್ಟಿತು.

"ಮೀನು ತರ್ಲಿಕ್ಕೆ ಇಷ್ಟು ಹೊತ್ತಾ ಮಾರಾಯ್ತಿ?"

ದಡದಲ್ಲಿ ಇಬ್ಬರೂ ಎದುರುಬದುರಾದರು. ಅಷ್ಟು ಹತ್ತಿರದಿಂದ ಎಷ್ಟು ಮೆಲ್ಲಗೆ ಮಾತಾಡಬೇಕೆಂದು ಇಬ್ಬರಿಗೂ ತಿಳಿಯದು. "ನೀವು ಇಷ್ಟು ಗಿಡ್ಡವಾ ಯಮುನಕ್ಕ?" ಎಂದರು ಅತ್ತೆ. "ಆ ಸ್ವರಕ್ಕೆ ಇಷ್ಟು ಸಣ್ಣ ಬಾಯಾ ನಿಂದು?" ಎಂದರು ಯಮುನಕ್ಕ. ಆಮೇಲೆ ಬೆಲ್ಲ ಬಂತು, ನೀರು ಬಂತು. ಅತ್ತೆ ಆ ಒಂದು ಲೋಟ ನೀರನ್ನು ಕುಡಿಯಲು ತೆಗೆದುಕೊಂಡ ಹೊತ್ತಿನಲ್ಲಿ ನಾನು ಎರಡು ಸಲ ಊಟ ಮಾಡಿದೆ. ಹೊರಡುವಾಗ ಯಮುನಕ್ಕ ಅತ್ತೆಯ ಕೈ ಬಿಡಲಿಲ್ಲ. "ನಿಮ್ಮ ಮನೆಯವರನ್ನು ನಂಬ್ಲಿಕ್ಕಾಗುದಿಲ್ಲ. ಎರಡನೇ ಶಬ್ದ ಮೊದಲು ಹೇಳು," ಎಂದರು. ಅತ್ತೆ ಹಾಗೆಯೇ ಹೇಳಿದರು.

ಈಗ ನನ್ನ ವಿನಂತಿ. ನಾಳೆ ಬೆಳಿಗ್ಗೆ ಹನ್ನೊಂದಕ್ಕೆ ಮೊದಲು ದಯವಿಟ್ಟು ಫೋನನ್ನು ಚಾರ್ಜಿಗೆ ಇಡಿ. ಇಷ್ಟೇ. ಹಾಗೆ ಮಾಡಿದರೆ ಇಲ್ಲಿ ಏನೇನು ಬದಲಾಗುತ್ತದೋ ನನಗೆ ತಿಳಿಯದು. ಎರಡು ಮನೆಗಳ ನಡುವೆ ಮುನಿಸಿಲ್ಲದಿದ್ದರೆ ಆ ನಲವತ್ತು ವರ್ಷಗಳ ಬೊಬ್ಬೆಯೂ ಇರುತ್ತಿರಲಿಲ್ಲ. ಅದಕ್ಕೇ ಪತ್ರ ಕಳಿಸಲೋ ಬೇಡವೋ ಎಂದು ಅತ್ತೆಯನ್ನು ಕೇಳಿದೆ. "ಕಳಿಸು. ಪಾಪ, ಅಕ್ಕತಂಗಿ ಇಬ್ರೂ ಆ ದ್ವೀಪಕ್ಕೆ ಹೋಗ್ಲಿ. ಮೂರಾದ್ರೆ ಮೂರು. ನಾನು ಯಮುನಕ್ಕನತ್ರ ಹೇಗಾದ್ರೂ ಮಾತಾಡ್ತೇನೆ" ಎಂದರು. ಆದ್ದರಿಂದ ನೀವು ಮೂರಕ್ಕೆ ಒಪ್ಪಿಕೊಳ್ಳಿ, ಕಡಲು ಕಾಣುವ ಕೋಣೆಯನ್ನು ತಂಗಿಗೇ ಬಿಟ್ಟುಕೊಡಿ. ಕಡಲು ಎಲ್ಲಿಗೂ ಹೋಗುವುದಿಲ್ಲ, ಇದು ನಾನು ಖಾತ್ರಿಯಾಗಿ ಹೇಳಬಲ್ಲ ಒಂದೇ ಸಂಗತಿ. ಉಪ್ಪಿನಕಾಯಿ ಒಂದು ಭರಣಿ ಸಾಕು.

ಇನ್ನೂ ಬರೆಯುವುದಿತ್ತು, ಆದರೆ ಈ ಹಿಂದಂಚೆಯ ಪೆಟ್ಟಿಗೆಯಲ್ಲೂ ಬಿಸಿಲು ಒಂದಕ್ಕೆ ಇಳಿದಿದೆ. ಆದ್ದರಿಂದ ಯಮುನಕ್ಕನ ಕ್ರಮದಲ್ಲೇ ಮುಗಿಸುತ್ತೇನೆ.

ಬರ್ತೇನೆ,

ಹೋಗಿ