ಬೇಗಡೆಯಲ್ಲಿ ಕತ್ತರಿಸಿದ ಹೆಸರು

೧೩ ಜನವರಿ ೧೯೫೮, ಶಿಕಾರಿಪುರ

ಮೈದಾ ಅಂಟು ತಳ ಹಿಡಿಯಿತು. ಎರಡನೇ ಸಲ ಕಾಯಿಸಿದೆ. ಮಧ್ಯಾಹ್ನದೊಳಗೆ ‘ಗ’ ಮತ್ತು ‘ಜಾ’ ಮುಗಿದವು. ಇನ್ನು ಎರಡು ‘ನ’. ಗೇಣುದ್ದದ ಅಕ್ಷರಗಳು, ಕೆಂಪು ಕಾಗದದ ಮೇಲೆ ಬಂಗಾರದ ಬಣ್ಣದ ಮಿರುಗುವ ಬೇಗಡೆ ಹಾಳೆ. ಎರಡೂ ಕಡೆ ನವಿಲು ಬೇಕಂತೆ. ಸೊರಬದಿಂದ ಓರಗಿತ್ತಿ ಮೂಕಾಂಬಿಕಕ್ಕನ ಕಾಗದ ಬರುವುದೇ ಹೀಗೆ — ಮೊದಲು ಕ್ಷೇಮ, ಆಮೇಲೆ ಪಟ್ಟಿ.

ಇಪ್ಪತ್ತಕ್ಕೆ ಗಜಾನನನ ಹುಟ್ಟುಹಬ್ಬ. ಅವರ ಲೆಕ್ಕದಲ್ಲಿ. ಅದು ಅವನು ಹುಟ್ಟಿದ ದಿನ ಅಲ್ಲ. ಮೂರು ವರ್ಷದ ಹಿಂದೆ ನಾವು ಅವನನ್ನು ಅಕ್ಕನ ಮಡಿಲಿಗೆ ದತ್ತು ಹಾಕಿ ಬಂದ ದಿನ. ಹುಟ್ಟಿದ್ದು ನನ್ನ ಹೊಟ್ಟೆಯಲ್ಲಿ, ಕಾರ್ತಿಕ ಶುದ್ಧ ಸಪ್ತಮಿ. ಹೆಸರು ಶ್ರೀಧರ. ಎರಡು ವರ್ಷ ಮೂರು ತಿಂಗಳು ಹಾಗೇ ಕರೆದೆ.

ಆ ಹೆಸರನ್ನು ಒಮ್ಮೆಯೂ ಕತ್ತರಿಸಲಿಲ್ಲ. ಆಗ ನಮ್ಮಲ್ಲಿ ಹುಟ್ಟುಹಬ್ಬವೆಂದರೆ ಎಣ್ಣೆ ನೀರು, ಪಾಯಸ, ಆರತಿ. ಗೋಡೆಗೆ ಹೆಸರು ಅಂಟಿಸುವುದು ಈಗಿನ ಫ್ಯಾಷನ್.

ಮಗಳು ಗಿರಿಜಾ ಶಾಲೆಯಿಂದ ಬಂದಳು. ಚೂರು ಬೇಗಡೆ ಕೇಳಿದಳು. ಕೊಟ್ಟೆ.

೨೧ ಜನವರಿ

ಸೊರಬದಿಂದ ವಾಪಸ್. ಶಿರಾಳಕೊಪ್ಪದಲ್ಲಿ ಬಸ್ಸಿಗೆ ಎರಡು ಗಂಟೆ ಕಾದೆವು.

ಪಾರ್ಟಿ ಜೋರು. ಕೇಕಿಗೆ ಮೊಟ್ಟೆ ಹಾಕುತ್ತಾರೆಂದು ಕೇಸರಿಬಾತನ್ನೇ ದುಂಡಗೆ ತಟ್ಟಿ ಮೇಲೆ ಐದು ಮೇಣದಬತ್ತಿ ನಿಲ್ಲಿಸಿದ್ದರು. ದೀಪ ಆರಿಸಬಾರದು ಎಂದರು ಭಾವ. ಯಾರೂ ಊದಲಿಲ್ಲ. ಮೇಣವೆಲ್ಲ ಕೇಸರಿಬಾತಿಗೆ ಇಳಿಯಿತು.

ಆಸ್ಪತ್ರೆ ಡಾಕ್ಟರ ಹೆಂಡತಿ ಊರಿಗೆ ಹೊಸಬರು. ಗೋಡೆ ನೋಡಿ, ಯಾರು ಮಾಡಿದ್ದು ಎಂದರು.

“ನಮ್ಮ ವಾಸಂತಿ ಕಣ್ರೀ. ಇಂಥಾ ಕೈಕೆಲಸಕ್ಕೆ ಅವಳೇ ಆಗಬೇಕು,” ಎಂದರು ಅಕ್ಕ.

ಆಕೆ ನನ್ನನ್ನು ನೋಡಿದರು, ಹುಡುಗನನ್ನು ನೋಡಿದರು. “ಮಗು ಮೂಗು ಥೇಟ್ ಇವರದೇ ಇದೆಯಲ್ರೀ.”

“ಒಂದೇ ಮನೆತನ ಅಲ್ವೇ, ಇರುತ್ತೆ.”

ಹೊರಗಿನಿಂದ ಬಂದ ಸೊಸೆ ನಾನು. ನನ್ನ ಮೂಗಿಗೂ ಆ ಮನೆತನಕ್ಕೂ ಏನು? ಡಾಕ್ಟರ ಹೆಂಡತಿಗೆ ಹೊಳೆದಿರಬೇಕು, ತಟ್ಟೆ ನೋಡುತ್ತ ಕೂತರು. ಅಕ್ಕ ನನ್ನ ಕಡೆ ತಿರುಗಿ, “ವಾಸಂತಿ, ಒಳಗೆ ಎಲೆ ಹಾಕು ಹೋಗು,” ಎಂದರು. ಹೋದೆ. ಆರತಿಯ ಹಾಡು ಅಡಿಗೆಮನೆಗೆ ಕೇಳಿಸಿತು.

ಆಮೇಲೆ ಅವನೇ ಹುಡುಕಿಕೊಂಡು ಬಂದ. “ಚಿಕ್ಕಮ್ಮ, ಒಂದು ನವಿಲಿಗೆ ಕಣ್ಣೇ ಇಲ್ಲ.” ಮರೆತಿದ್ದೆ. ಅಷ್ಟು ಜನರಲ್ಲಿ ಕಂಡಿದ್ದು ಅವನೊಬ್ಬನಿಗೆ. ಶಾಯಿ ತಂದು ಅವನ ಕೈಯಲ್ಲೇ ಕಣ್ಣು ಇಡಿಸಿದೆ.

ಚಿಕ್ಕಮ್ಮ. ಅಭ್ಯಾಸವಾಗುತ್ತದೆ ಎಂದಿದ್ದರು ಎಲ್ಲರೂ.

೨೨ ಜೂನ್

ಭಾವನ ಪತ್ರ. ಅಕ್ಕನಿಗೆ ನಾಲ್ಕು ತಿಂಗಳು. ಮದುವೆಯಾಗಿ ಹದಿನಾರು ವರ್ಷದ ಮೇಲೆ. ಇವರು ಎರಡು ಸಲ ಗಟ್ಟಿಯಾಗಿ ಓದಿದರು. ಖುಷಿಯೋ ಖುಷಿ.

“ಆ ಹುಡುಗನ ಕಾಲ್ಗುಣ ನೋಡು,” ಎಂದರು.

ನಾನು ಅಕ್ಕಿ ಆರಿಸುತ್ತಿದ್ದೆ. ಅವನನ್ನು ಕೊಡುವಾಗ ಇವರೇ ಹೇಳಿದ್ದು — ನಮಗೇನು, ಇನ್ನೂ ವಯಸ್ಸಿದೆ, ಇನ್ನೊಂದಾಗುತ್ತೆ. ಆಗಲಿಲ್ಲ. ಆಗುವುದೂ ಇಲ್ಲ ಎಂದು ಶಿವಮೊಗ್ಗದ ಲೇಡಿ ಡಾಕ್ಟರು ಹೇಳಿ ವರ್ಷವಾಯಿತು.

೧೩ ಸೆಪ್ಟೆಂಬರ್

ನಾಳಿದ್ದು ಗೌರಿ. ಮಂಟಪಕ್ಕೆ ಹಸಿರು ಕಾಗದ ಊರಲ್ಲೆಲ್ಲೂ ಇಲ್ಲ. ಬಿಳಿ ಕಾಗದಕ್ಕೆ ಬಣ್ಣ ಬಳಿದು ಒಣಗಿಸಿದೆ. ಗಿರಿಜಾ ಅದರಲ್ಲೇ ಬಾಳೆಕಂಬ ಕತ್ತರಿಸಿದಳು, ಪರವಾಗಿಲ್ಲ, ಕೈ ಕೂತಿದೆ.

ಅಕ್ಕನಿಗೆ ಹೆಣ್ಣಾಗಲಿ ಎಂದು ಬೇಡಿಕೊಳ್ಳುತ್ತಿದ್ದೇನೆ. ಕೆಟ್ಟ ಮನಸ್ಸಿನಿಂದಲ್ಲ. ಹೆಣ್ಣಾದರೆ ಇವನ ಜಾಗ ಇವನಿಗೇ ಉಳಿಯುತ್ತದೆ… ಕೆಟ್ಟ ಮನಸ್ಸೂ ಇರಬಹುದು.

೧೮ ನವೆಂಬರ್

ಸಪ್ತಮಿ. ಅವನಿಗೆ ಆರು ತುಂಬಿತು. ಶ್ಯಾವಿಗೆ ಪಾಯಸ ಮಾಡಿದೆ.

“ಇವತ್ತೇನು ವಿಶೇಷ?” ಎಂದರು ಇವರು.

“ಹಾಲು ಹೆಚ್ಚಿತ್ತು.”

ಬಡಿಸಿದ್ದನ್ನು ಉಂಡು ಆಫೀಸಿಗೆ ಹೋದರು. ನೆನಪಾಗಲಿಲ್ಲವೋ, ನೆನಪಾಗಿ ಸುಮ್ಮನಿದ್ದರೋ. ಎರಡರಲ್ಲಿ ಯಾವುದಾದರೂ ಒಂದೇ.

೪ ಡಿಸೆಂಬರ್

ತಂತಿ ಬಂತು. ಗಂಡು ಮಗು. ತಾಯಿ ಮಗು ಕ್ಷೇಮ.

೨೦ ಜನವರಿ ೧೯೫೯

ಸಂಕ್ರಾಂತಿಗೆ ಮೊದಲೇ ಕೆಂಪು ಕಾಗದ, ಬೇಗಡೆ ತಂದಿಟ್ಟುಕೊಂಡಿದ್ದೆ. ಸೊರಬದಿಂದ ಪಟ್ಟಿ ಬರಲೇ ಇಲ್ಲ.

ಹೋದ ತಿಂಗಳು ಮಗುವಿನ ನಾಮಕರಣಕ್ಕೆ ಪಟ್ಟಿ ಬಂದಿತ್ತು. ತೊಟ್ಟಿಲ ಸುತ್ತ ನೂರೆಂಟು ಹೂವು, ಮೇಲೆ ಗಿಳಿ. ಎಲ್ಲಾ ಕಳಿಸಿದ್ದೆ.

“ಗಜಾನನನ ಹುಟ್ಟುಹಬ್ಬ ಈ ಸಲ ಇಲ್ಲವೇ?” ಎಂದು ಇವರನ್ನು ಕೇಳಿದೆ.

“ಮನೇಲಿ ಎಳೆ ಮಗು. ಅವರಿಗೆ ಪುರುಸೊತ್ತೆಲ್ಲಿ.”

ಅದು ಸುಳ್ಳು ದಿನ ಎಂದು ಬಯ್ಯುತ್ತಿದ್ದವಳು ನಾನೇ. ಈಗ ಆ ಸುಳ್ಳು ದಿನವೂ ಅವನಿಗಿಲ್ಲ.

೨೪ ಮೇ

ಸೊರಬಕ್ಕೆ ಹೋಗಿದ್ದೆವು. ಮಗುವಿನ ಅನ್ನಪ್ರಾಶನ. ಜರಿಯಂಚಿನ ಹಾಗೆ ಕಾಣುವ ಕಾಗದದ ತೋರಣ ಮಾಡಿಕೊಂಡು ಹೋಗಿದ್ದೆ. ನಾನೇ ಏಣಿ ಹತ್ತಿ ಕಟ್ಟಿದೆ. ಅಕ್ಕ ಕೆಳಗೆ ನಿಂತು, “ಇನ್ನೂ ಸ್ವಲ್ಪ ಎಡಕ್ಕೆ ಕಣೆ,” ಎನ್ನುತ್ತಿದ್ದರು.

ಅವನು ಬೆಳೆದಿದ್ದಾನೆ. ಅಂಗಿ ಬೆಳೆದಿಲ್ಲ. ತೋಳು ಮೊಣಕೈ ಹತ್ತಿರ. ಕಿವಿ ಮುಚ್ಚುವಷ್ಟು ಕೂದಲು. ಮೊದಲು ಅಕ್ಕನ ಪಕ್ಕದಲ್ಲಿ ಮಲಗುತ್ತಿದ್ದವನು ಈಗ ಜಗುಲಿಯಲ್ಲಿ, ಭಾವನ ರೈಸ್‌ಮಿಲ್ಲಿನ ಆಳು ಸುಬ್ಬಪ್ಪನ ಹತ್ತಿರ ಮಲಗುತ್ತಾನಂತೆ. ಸುಬ್ಬಪ್ಪನೇ ಹೇಳಿದ. “ನಿದ್ದೆಗಣ್ಣಾಗೆ ಅಮ್ಮ ಅಂತ ಎದ್ದು ಕುಂತ್ಕಂತಾನೆ ಅಮ್ಮಾರೇ. ನಾನು ತಟ್ಟಿ ಮಲಗಿಸ್ತೀನಿ.”

ಮಗು ಅಳುತ್ತಿತ್ತು. ಇವನು ಓಡಿ ಹೋಗಿ ಗಿಲಕಿ ಆಡಿಸಿದ. ಮಗು ನಕ್ಕಿತು. ಅಕ್ಕ ಒಳಗಿನಿಂದ ಬಂದವರೇ, “ಕೈ ತೊಳ್ಕೊಂಡಿದ್ಯೇನೋ? ದೂರ ನಿಂತ್ಕೋ,” ಎಂದರು. ಹೊಡೆಯಲಿಲ್ಲ, ಕೂಗಲಿಲ್ಲ. ಹಾಲಿನ ಪಾತ್ರೆ ಬಳಿಯಿಂದ ಬೆಕ್ಕು ಓಡಿಸುವಾಗ ಇರುತ್ತದಲ್ಲ, ಆ ದನಿ.

ಅವನು ಎರಡು ಹೆಜ್ಜೆ ಹಿಂದೆ ಸರಿದು ಅಲ್ಲೇ ನಿಂತ. ನಗುತ್ತಲೇ ಇದ್ದ. ಅದನ್ನು ನೋಡಲಾಗಲಿಲ್ಲ.

೨೬ ಮೇ

ಇವತ್ತು ಕೇಳಿಯೇಬಿಟ್ಟೆ. “ಅವನನ್ನ ಕರಕೊಂಡು ಬಂದುಬಿಡೋಣ ರೀ.”

ಪೇಪರಿನಿಂದ ತಲೆಯೆತ್ತಲಿಲ್ಲ. “ದತ್ತಕ ಪತ್ರ ರಿಜಿಸ್ಟರ್ ಆಗಿದೆ. ಈಗಿನ ಕಾನೂನಲ್ಲಿ ವಾಪಸ್ ಅನ್ನೋದೇ ಇಲ್ಲ.”

“ಕಾನೂನು ಬೇಡ. ಇಲ್ಲಿ ಇದ್ದು ಓದಲಿ ಅಂತ.”

“ಇಲ್ಲಿ ಬಂದು ಕೂತರೆ ಅಲ್ಲಿ ಯಾರು ನೆನಪಿಟ್ಕೊತಾರೆ? ನಾಳೆ ಮಿಲ್ಲಲ್ಲಿ ಅವನಿಗೂ ಪಾಲಿದೆ. ಸ್ವಲ್ಪ ಸಹಿಸ್ಕೊಂಡ್ರೆ ಗಂಡಸಾಗಿ ನಿಲ್ತಾನೆ. ನೀನು ಕರ್ಕೊಂಡು ಬಂದು ಅವನ ಅನ್ನಕ್ಕೆ ಕಲ್ಲು ಹಾಕ್ತೀಯಾ?”

ಆರು ವರ್ಷದ ಹುಡುಗ ಜಗುಲಿಯಲ್ಲಿ ಮಲಗಿಕೊಂಡು ಮಿಲ್ಲಿನ ಪಾಲು ಕಾಯಬೇಕು.

ಸಾರಿಗೆ ಉಪ್ಪು ಹೆಚ್ಚಾಯಿತೆಂದರು. ಬೇಕೆಂದೇ ಹಾಕಿದ್ದಲ್ಲ.

೨೮ ಅಕ್ಟೋಬರ್

ಅವನು ಬಂದಿದ್ದಾನೆ!

ದೀಪಾವಳಿಗೆ ಕಳಿಸಿ ಎಂದು ಇವರಿಗೆ ತಿಳಿಸದೆ ಕಾರ್ಡು ಬರೆದಿದ್ದೆ. ಭಾವ ಸುಬ್ಬಪ್ಪನ ಜೊತೆ ಬಸ್ಸು ಹತ್ತಿಸಿದ್ದಾರೆ. ಅಕ್ಕನಿಗೂ ಹಗುರ ಅನಿಸಿರಬೇಕು. ಇವರು ಮುಖ ಗಂಟು ಹಾಕಿಕೊಂಡರು.

ಕ್ಷೌರ ಮಾಡಿಸಿದೆ. ಗಿರಿಜಾ ಅವನನ್ನು ಬಿಡುತ್ತಲೇ ಇಲ್ಲ.

೩೦ ಅಕ್ಟೋಬರ್

ಮೂವರೂ ಕೂತು ಆಕಾಶಬುಟ್ಟಿ ಮಾಡಿದೆವು. ಬಿದಿರು ಸೀಳಿದ್ದು ನಾನು, ಕಾಗದ ಹಚ್ಚಿದ್ದು ಅವನು. ಎಷ್ಟು ನೀಟು! ಅಂಚು ಮಡಿಚಿ ಬೆರಳಿನಿಂದ ತೀಡುತ್ತಾನೆ. ನಾನು ತೀಡುವುದೂ ಹಾಗೆಯೇ. ಯಾರೂ ಕಲಿಸಿದ್ದಲ್ಲ.

“ಚಿಕ್ಕಮ್ಮ, ಇದನ್ನ ಸೊರಬಕ್ಕೆ ತಗೊಂಡು ಹೋಗಬಹುದಾ? ಅಮ್ಮನಿಗೆ ತೋರಿಸ್ತೀನಿ.”

ಆಯಿತು ಎಂದೆ.

೭ ನವೆಂಬರ್. ಮಧ್ಯಾಹ್ನ

ಸಪ್ತಮಿ. ಏಳು ತುಂಬಿತು.

ಶಾಲೆ ತೆರೆದಿದೆ, ಕಳಿಸು ಎಂದು ಎರಡು ದಿನದಿಂದ ಇವರ ವರಾತ. ಇವತ್ತೊಂದು ದಿನ ಎಂದು ತಡೆದೆ.

ಬೆಳಿಗ್ಗೆ ಎಣ್ಣೆ ಹಚ್ಚಿ ನೀರು ಹಾಕಿದೆ. ಹೊಸ ಅಂಗಿ ತೊಡಿಸಿದೆ. ಮಣೆಯ ಹಿಂದಿನ ಗೋಡೆಗೆ ನಾಲ್ಕು ದಿನದಿಂದ ಕದ್ದು ಮುಚ್ಚಿ ಕತ್ತರಿಸಿದ್ದನ್ನು ಅಂಟಿಸಿದೆ. ಸುತ್ತ ಮಾವಿನೆಲೆ, ನಡುವೆ ಬೇಗಡೆಯ ಅಕ್ಷರ. ‘ಶ್ರೀ’ ಬಹಳ ಕಷ್ಟ ಕೊಟ್ಟಿತು, ಎರಡು ಸಲ ಹರಿಯಿತು.

ಅವನು ಒಂದೊಂದೇ ಅಕ್ಷರ ಓದಿದ. “ಶ್ರೀಧರ ಯಾರು?”

“ನೀನೇ. ನೀನು ಹುಟ್ಟಿದ್ದು ಇವತ್ತು ಕಣೋ. ಈ ಮನೇಲಿ. ನಾನು ನಿನ್ನ—”

“ಗೊತ್ತು.”

ಕೈಯಲ್ಲಿದ್ದ ಆರತಿ ತಟ್ಟೆ ಕೆಳಗಿಟ್ಟೆ. “ಯಾರು ಹೇಳಿದ್ರು?”

“ಸ್ಕೂಲಲ್ಲಿ ಎಲ್ಲಾ ಹೇಳ್ತಾರೆ. ನಿನ್ನನ್ನ ಕೊಟ್ಟುಬಿಟ್ಟಿದ್ದಾರೆ ಅಂತ.” ಮಣೆಯ ಮೇಲೆ ಕೂತು ರಂಗೋಲಿ ಎಳೆ ಅಳಿಯದ ಹಾಗೆ ಕಾಲು ಮಡಿಚಿಕೊಂಡ. ಆಮೇಲೆ, ಸಿಟ್ಟಿಲ್ಲದೆ, ಲೆಕ್ಕ ತಿಳಿಯದವನು ಮೇಷ್ಟರನ್ನು ಕೇಳುವ ಹಾಗೆ ಕೇಳಿದ. “ಅಮ್ಮನಿಗೆ ಮಗು ಇರಲಿಲ್ಲ, ಅದಕ್ಕೆ ತಗೊಂಡ್ರು. ನಿಮಗೆ ನಾನಿದ್ದೆನಲ್ಲ. ನೀವ್ಯಾಕೆ ಕೊಟ್ರಿ?”

ಇವರು ಬಾಗಿಲಲ್ಲಿ ನಿಂತು ಕಾಫಿ ಕುಡಿಯುತ್ತಿದ್ದರು. ಲೋಟ ಕಿಟಕಿಯಲ್ಲಿಟ್ಟು ಚಪ್ಪಲಿ ಮೆಟ್ಟಿಕೊಂಡು ಹೊರಟರು. ಇವತ್ತು ಆಫೀಸಿಗೆ ಇನ್ನೂ ಒಂದು ಗಂಟೆ ಇತ್ತು.

ನಾನು ಗೋಡೆಯ ಮಾವಿನೆಲೆ ಸರಿಮಾಡುತ್ತ ನಿಂತೆ. ಗಿರಿಜಾ ತಟ್ಟೆ ಎತ್ತಿಕೊಂಡು ತಾನೇ ಆರತಿ ಮಾಡಿದಳು. ಅವನು ಎರಡು ಬಟ್ಟಲು ಪಾಯಸ ಕುಡಿದ. “ಚೆನ್ನಾಗಿದೆ ಚಿಕ್ಕಮ್ಮ,” ಎಂದ.

೧೦ ನವೆಂಬರ್

ಭಾವ ಬಂದರು. ಕರೆದೊಯ್ಯಲು.

“ಊರಲ್ಲಿ ನಾಲ್ಕು ಜನ ನಾಲ್ಕು ಥರ ಆಡ್ಕೊತಾರೆ ರಘು,” ಎಂದರು ಇವರಿಗೆ. “ಸ್ವಂತ ಮಗ ಹುಟ್ಟಿದ ಮೇಲೆ ಕಮಲಾಕರ ದತ್ತು ಮಗನ್ನ ಹೊರಗೆ ಹಾಕ್ದ ಅಂತ. ನನಗೆ ಮುಖ ಎತ್ತಿ ತಿರುಗೋಕಾಗ್ತಿಲ್ಲ.”

ಇವರು ತಲೆ ತಗ್ಗಿಸಿ ಕೂತಿದ್ದರು. ಹದಿನೈದು ವರ್ಷದ ಸಂಸಾರದಲ್ಲಿ ಭಾವನ ಎದುರು ನಿಂತು ಮಾತಾಡಿದವಳಲ್ಲ ನಾನು. ಇವತ್ತು ನಿಂತೆ.

“ಅವನು ಇಲ್ಲೇ ಇರ್ಲಿ ಭಾವ. ನಿಮ್ಮ ಮಿಲ್ಲು ಬೇಡ, ಪಾಲು ಬೇಡ. ಏನೂ ಬೇಡ.”

ಭಾವ ನನ್ನ ಕಡೆ ನೋಡಲಿಲ್ಲ. ಇವರಿಗೇ ಹೇಳಿದರು. “ಏನಪ್ಪಾ ಇದು. ಕೊಟ್ಟು ಈಸ್ಕೊಳ್ಳೋಕೆ ಇದೇನು ಹಬ್ಬದ ಪಾತ್ರೆಯಾ?”

ಇವರು, “ನೀನು ಒಳಗೆ ಹೋಗು,” ಎಂದರು ನನಗೆ.

ಒಳಗೆ ಹೋಗುವಷ್ಟರಲ್ಲಿ ಅವನೇ ಚೀಲ ಹಿಡಿದು ಬಂದ. ತಾನೇ ಬಟ್ಟೆ ಮಡಿಚಿ ತುಂಬಿಕೊಂಡಿದ್ದ. ಇನ್ನೊಂದು ಕೈಯಲ್ಲಿ ಆಕಾಶಬುಟ್ಟಿ. “ಬಸ್ಸು ಎಷ್ಟು ಗಂಟೆಗೆ ಅಪ್ಪ?” ಎಂದು ಭಾವನನ್ನು ಕೇಳಿದ. ನನಗೆ ನಮಸ್ಕಾರ ಮಾಡಿದ. ತಲೆ ಮುಟ್ಟಿದೆ.

ಗೋಡೆಯ ಮೇಲಿದ್ದುದನ್ನು ಅವನು ಕೇಳಲಿಲ್ಲ. ನಾನೂ ಕೊಡಲಿಲ್ಲ. ಸಂಜೆ ಇವರು ಬರುವ ಮೊದಲು ತೆಗೆದೆ.

೨೮ ನವೆಂಬರ್

ಸೊರಬದಿಂದ ಕಾರ್ಡು. ಅಕ್ಷರ ಅವನದು, ಮಾತು ಅಕ್ಕನದು. “ಚಿಕ್ಕಮ್ಮನವರಿಗೆ ಗಜಾನನ ಮಾಡುವ ನಮಸ್ಕಾರಗಳು. ಬರುವ ಶುಕ್ರವಾರ ತಮ್ಮನ ಮೊದಲ ಹುಟ್ಟುಹಬ್ಬ. ನೀಲಿ ಕಾಗದ, ಬೆಳ್ಳಿ ಬೇಗಡೆ, ಎರಡು ಆನೆ. ಗುರುವಾರದೊಳಗೆ ಬಸ್ಸಿನವರ ಕೈಲಿ ಕಳಿಸಬೇಕಂತೆ.” ಕಾಗುಣಿತ ಒಂದೂ ತಪ್ಪಿಲ್ಲ.

ಮಾಡುವುದಿಲ್ಲ ಎಂದೆ ಇವರಿಗೆ.

“ಮಾಡಿಕೊಡು. ಇಲ್ಲದಿದ್ರೆ ಆ ಸಿಟ್ಟನ್ನ ಅವನ ಮೇಲೆ ತೀರಿಸ್ತಾರೆ.”

ಇವರಿಗೂ ಗೊತ್ತಿದೆ. ಎಲ್ಲವೂ ಗೊತ್ತಿದೆ.

“ಸರಿ, ಮಾಡ್ತೀನಿ. ಬಸ್ಸಿನವರ ಕೈಲಿ ಕೊಡಲ್ಲ. ನಾನೇ ತಗೊಂಡು ಹೋಗ್ತೀನಿ.”

“ಹೋಗಿ?”

“ಅವನು ಅವತ್ತು ಕೇಳಿದ್ನಲ್ಲ. ಉತ್ತರ ಹೇಳ್ತೀನಿ.”

ಹೋಗಬೇಡ ಎನ್ನಲಿಲ್ಲ. ಎದ್ದು ಹೋದರು.

ಏನು ಹೇಳಬೇಕೆಂದು ಬರೆದುಕೊಂಡೇ ಹೋಗಬೇಕು. ಇಲ್ಲದಿದ್ದರೆ ಅವನೆದುರು ಮತ್ತೆ ಬಾಯಿ ಕಟ್ಟುತ್ತದೆ. ಓದಿಸಿ ಕೆಲಸಕ್ಕೆ ಹಚ್ಚಿದ ಅಣ್ಣನಿಗೆ ಇವರು ಇಲ್ಲ ಅನ್ನಲಾರದೆ ಹೋದರು — ಅದು ಇವರ ಕಾರಣ. ದೊಡ್ಡ ಮಗನ ಮನೆ ಬೆಳಗಲಿ ಎಂದು ಅತ್ತೆ ಅತ್ತರು — ಅದು ಅತ್ತೆಯ ಕಾರಣ. ಎರಡೂ ನನ್ನದಲ್ಲ. ದತ್ತು ಕೊಡುವಾಗ ಪುರೋಹಿತರು ಮೂರು ಸಲ ಕೇಳಿದ್ದರು, ತಾಯಿಗೆ ಒಪ್ಪಿಗೆಯೇ ಎಂದು. ಮೂರು ಸಲವೂ ತಲೆಯಾಡಿಸಿದೆ. ಯಾರೂ ನನ್ನ ಕತ್ತು ಹಿಡಿದು ಆಡಿಸಲಿಲ್ಲ. ಧಾರೆಯ ನೀರು ಬಿಟ್ಟ ಕೈಗಳಲ್ಲಿ ನನ್ನದೂ ಇತ್ತು.

ಶ್ರೀಧರಾ, ಅವತ್ತು ನಾನು ತಲೆಯಾಡಿಸಿದ್ದು ಯಾಕೆಂದರೆ