ಕಾರಿನೊಳಗಿನ ಊಟ

ಸೆಪ್ಟೆಂಬರ್ 26, ಗುರುವಾರ

ಇವತ್ತೂ ಕಾರಿನಲ್ಲೇ ಕೂತು ಉಂಡೆ. ನಾನು ಮೊದಲು ಓದಿದ, ಮೊಡೆಸ್ಟೊ ಊರಿನ ಎರಡು ವರ್ಷದ ಕಾಲೇಜಿನಲ್ಲಿ ಎಲ್ಲರೂ ಹಾಗೇ ಮಾಡುತ್ತಿದ್ದೆವು; ಪಾಠ ಕೇಳುವುದು, ಕಾರಿನಲ್ಲಿ ಉಣ್ಣುವುದು, ಕೆಲಸಕ್ಕೆ ಓಡುವುದು. ಈ ವಿಶ್ವವಿದ್ಯಾಲಯದವರು ಹುಲ್ಲಿನ ಮೇಲೆ ಗುಂಪು ಕಟ್ಟಿಕೊಂಡು ಕೂರುತ್ತಾರೆ. ಮೊದಲ ವರ್ಷದಿಂದ ಜೊತೆಗಿದ್ದವರು. ನೇರ ಮೂರನೇ ವರ್ಷಕ್ಕೆ ಬಂದು ಸೇರಿದ ನಾನು ಯಾರ ಪಕ್ಕ ಕೂರಲಿ? ಈ ಓದು ಬಿಟ್ಟುಬಿಡುತ್ತೇನೆ ಎಂದು ರಾತ್ರಿ ಅಮ್ಮನಿಗೆ ಹೇಳಿಯೇಬಿಡಬೇಕು ಅಂದುಕೊಂಡೆ.

ಅಷ್ಟರಲ್ಲಿ ಪಕ್ಕದ ಹಳೇ ಕಾರಿನ ಗಾಜು ಇಳಿಯಿತು. ನಲವತ್ತು ದಾಟಿದ ಹೆಂಗಸು, ಕೈಯಲ್ಲಿ ಅರ್ಧ ತಿಂದ ಬುರಿಟೊ ರೊಟ್ಟಿಸುರುಳಿ.

"ಏನೇ ಹುಡುಗಿ, ನೀನೂ ಎರಡು ವರ್ಷದ ಕಾಲೇಜಿಂದ ಬಂದೋಳಾ?"

"ಹೆಂಗ್ ಗೊತ್ತಾಯ್ತು ನಿಮಗೆ?"

"ಇಷ್ಟು ಚೆಂದದ ಹುಲ್ಲು ಬಿಟ್ಟು ಕಾರೊಳಗೆ ಬೇಯೋರು ಇನ್ಯಾರಿದ್ದಾರೆ, ನಮ್ಮಂಥೋರು ಬಿಟ್ಟು!"

ಆಕೆಯ ಹೆಸರು ಡೆಲ್ಫಿನಾ. ಇಬ್ಬರೂ ನಕ್ಕೆವು. ಹುಲ್ಲಿನ ಕಡೆ ಹೋಗೋಣವೇ ಎಂದು ನಾನೂ ಕೇಳಲಿಲ್ಲ, ಆಕೆಯೂ ಕೇಳಲಿಲ್ಲ. ಪಕ್ಕದ ಸೀಟಿನ ಮೇಲಿದ್ದ ಪುಸ್ತಕಗಳನ್ನು ಹಿಂದಕ್ಕೆ ಹಾಕಿ ಬಾಗಿಲು ತೆಗೆದೆ.

ಮನೆಗೆ ಬಂದಾಗ ಅಮ್ಮ ನಾಳೆಯ ಡಬ್ಬಿಗೆ ಮೆಕ್ಕೆಜೋಳದ ತಮಾಲೆ ಕಡುಬು ತುಂಬುತ್ತಿದ್ದಳು.

"ಇಬ್ಬರಿಗಾಗೋಷ್ಟು ಹಾಕಮ್ಮ," ಎಂದೆ.

ಅಮ್ಮ ಬೆನ್ನು ತಿರುಗಿಸಿಕೊಂಡು, ಮುಚ್ಚಳ ಹಾಕಲಾಗದಷ್ಟು ತುಂಬುತ್ತಲೇ ಇದ್ದಳು.