ಮಾವ ಬಿಚ್ಚಿದ ನಟ್ಟು

ಮಾರ್ಚ್ ೧೪, ಗುರುವಾರ

ಆ ಹಾಳು ನಟ್ಟು ಇನ್ನೂ ತಲೆಯಲ್ಲೇ ಕೂತಿದೆ. ಲಕ್ವ ಹೊಡೆದ ಮೇಲೆ ಮಾವ ಇವತ್ತೇ ಮೊದಲು ತಮ್ಮ ಗ್ಯಾರೇಜಿಗೆ ಬಂದರು. ನಾನು ಹಳೇ ಕಾರೊಂದರ ಟೈಮಿಂಗ್ ಬೆಲ್ಟ್ ಬದಲಿಸುತ್ತಿದ್ದೆ. ಬೆಲ್ಟಿಗೆ ಅಡ್ಡವಿದ್ದ ಕ್ರ್ಯಾಂಕ್ ಪುಲ್ಲಿಯ ನಟ್ಟು ತುಕ್ಕು ಹಿಡಿದು, ಜಪ್ಪಯ್ಯ ಎಂದರೂ ಅಲುಗುತ್ತಿರಲಿಲ್ಲ.

"ಬಿಡಮ್ಮ, ಅದು ನನ್ನ ಕೆಲ್ಸ," ಎಂದವರೇ ಕೆಲಸದ ಅಂಗಿ ಹಾಕಿಕೊಳ್ಳಲು ಒಳಗೆ ಹೋದರು. ಹಟವೆಂದರೆ ಹಟ! ಆ ಬಲಗೈಯಲ್ಲಿ ಲೋಟ ಹಿಡಿಯುವುದೇ ಕಷ್ಟ. ಗುಂಡಿ ಹಾಕಿಕೊಳ್ಳಲು ಈಗ ಅವರಿಗೆ ಬಹಳ ಹೊತ್ತು ಬೇಕು. ಅಷ್ಟರಲ್ಲಿ ನಾನು ಸ್ಪ್ಯಾನರಿಗೆ ಉದ್ದನೆಯ ಪೈಪು ಸಿಕ್ಕಿಸಿ, ಮೈಭಾರವೆಲ್ಲ ಹಾಕಿ ನಟ್ಟು ಸಡಿಲಿಸಿದೆ. ಆಮೇಲೆ ಬೆರಳಲ್ಲೇ ತಿರುಗಿಸಿ ಮೊದಲಿನಂತೆ ಕೂರಿಸಿ, ಏನೂ ಮಾಡದವಳಂತೆ ನಿಂತೆ.

ಮಾವ ಸ್ಪ್ಯಾನರ್ ಹಾಕಿದ್ದೇ ತಡ, ನಟ್ಟು ತಿರುಗಿತು.

"ಕೈ ಇನ್ನೂ ಗಟ್ಟಿಯಾಗೇ ಇದೆ ಮಾವ!"

ಅವರು ನಟ್ಟನ್ನು ಅಂಗೈಯಲ್ಲಿ ಉರುಳಿಸುತ್ತಾ ನಕ್ಕರು. ಗೆದ್ದೆ ಅಂದುಕೊಂಡೆ.

ನಾನು ಊಟಕ್ಕೆ ಬಡಿಸುವಾಗ ಮಾವ ಮೆಲ್ಲಗೆ ಅಂದರು: "ಇನ್ನೊಂದ್ಸಲ ಹಿಂಗೆ ಮಾಡೋವಾಗ ಸ್ವಲ್ಪ ಬಿಗಿ ಮಾಡಿಡಮ್ಮ. ಕೈಗೂ ಕೆಲ್ಸ ಬೇಕಲ್ಲ."

ಅವರ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದೆ.

ನಾಳೆ ಚಕ್ರ ಬಿಚ್ಚುವುದಿದೆ. ಅದರ ನಟ್ಟುಗಳನ್ನು ಎಷ್ಟು ಬಿಗಿ ಮಾಡಿಡಲಿ ಎಂದು ಯೋಚಿಸುತ್ತಾ ನಿದ್ದೆಯೇ ಬರುತ್ತಿಲ್ಲ.